ಕಾರು ಚೆನ್ನಾಗಿತ್ತು, ಕಾಲ ಅಲ್ಲ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಎದ್ದು ನಂದಿಬೆಟ್ಟದ ಕಡೆ ಹೋಗಿದ್ದೆ. ಬೆಟ್ಟ ನೋಡೋಕಲ್ಲ, ಕಾರು ನೋಡೋಕೆ. ನಮ್ಮ ಟೀಮಿನ ಗೆಳೆಯನೊಬ್ಬ ಎರಡು ವರ್ಷದಿಂದ ಒಂದು ಹಳೇ ಅಂಬಾಸಿಡರ್ ರಿಪೇರಿ ಮಾಡಿಸ್ತಾ ಇದ್ದ. ಸಂಬಳದಲ್ಲಿ ಒಂದು ಪಾಲು ಮನೆ ಸಾಲಕ್ಕೆ, ಇನ್ನೊಂದು ಪಾಲು ಆ ಕಾರಿಗೆ. ಕೊನೆಗೂ ಅದು ರೆಡಿಯಾಗಿ, ಹಳೇ ಕಾರಿನವರ ಕೂಟಕ್ಕೆ ಮೊದಲ ಸಲ ಹೊರಟಿತ್ತು. "ನೀನೂ ಬಾ ಮಗಾ, ಒಂದ್ಸಲ ನೋಡು" ಅಂದ. ಹೋದೆ.

ದೇವನಹಳ್ಳಿ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ಇಪ್ಪತ್ತು ಇಪ್ಪತ್ತೈದು ಕಾರು ಸಾಲಾಗಿ ನಿಂತಿದ್ದವು. ಐದಾರು ಅಂಬಾಸಿಡರ್, ಮೂರು ಪ್ರೀಮಿಯರ್ ಪದ್ಮಿನಿ, ಕನ್ನಡಿ ಥರ ಹೊಳೆಯುವ ಒಂದು ಕಾಂಟೆಸ್ಸಾ, ಒಂದಷ್ಟು ಮಾರುತಿ 800, ಮೊದಮೊದಲ ಝೆನ್, ಎಸ್ಟೀಮ್. ಬಾನೆಟ್‌ಗಳೆಲ್ಲ ಮೇಲೆದ್ದಿದ್ದವು. ಒಬ್ಬೊಬ್ಬರೂ ಇನ್ನೊಬ್ಬರ ಇಂಜಿನ್ ಒಳಗೆ ತಲೆ ಹಾಕಿ, ಮದುವೆ ಮನೆಯಲ್ಲಿ ಬೇರೆಯವರ ಒಡವೆ ನೋಡುವ ಹಾಗೆ ನೋಡ್ತಾ ಇದ್ದರು. ಇಡ್ಲಿ ವಡೆ ಆಯ್ತು, ಎರಡು ಸುತ್ತು ಕಾಫಿ ಆಯ್ತು. ಜನ ಒಳ್ಳೆಯವರು. ನನಗೆ ಕಾರ್ಬುರೇಟರ್ ಹೇಗೆ ಕೆಲಸ ಮಾಡುತ್ತೆ ಅಂತ ಒಬ್ಬರು ಅರ್ಧ ಗಂಟೆ ಕೂತು ವಿವರಿಸಿದರು. ಬಿಇ ಮೊದಲ ವರ್ಷದಲ್ಲಿ ಇದನ್ನೇ ಓದಿ ಪಾಸಾಗಿದ್ದೆ, ಆದರೆ ಅರ್ಥವಾಗಿದ್ದು ಅವತ್ತೇ.

ಎಲ್ಲಾ ಚೆನ್ನಾಗಿತ್ತು. ಆದರೆ ಒಂದು ಮಾತು ಮಾತ್ರ ಬಾಯಿಂದ ಬಾಯಿಗೆ ಸುತ್ತುತ್ತಾನೇ ಇತ್ತು. "ಆ ಕಾಲವೇ ಬೇರೆ ಬಿಡಿ." "ಆಗ ಎಲ್ಲಾ ಎಷ್ಟು ಸಿಂಪಲ್ ಆಗಿತ್ತು." "ಅಂಥ ದಿನ ಇನ್ನು ಬರಲ್ಲ." ಹೇಳುವವರಲ್ಲಿ ಬಹುಪಾಲು ನನ್ನ ವಯಸ್ಸಿನವರು, ಕೆಲವರು ನನಗಿಂತ ಚಿಕ್ಕವರು. ಅವರಿಗೆ ಆ ಕಾಲ ಅಂದ್ರೆ ಅಪ್ಪನ ಕಾರಿನ ಹಿಂದಿನ ಸೀಟು, ಬೇಸಿಗೆ ರಜೆಗೆ ಊಟಿ ಪ್ರಯಾಣ, ಟೇಪ್ ರೆಕಾರ್ಡರ್‌ನಲ್ಲಿ ರಾಜಕುಮಾರ್ ಹಾಡು. "ನಿಮ್ಮನೇಲಿ ಯಾವ ಕಾರಿತ್ತು?" ಅಂತ ಒಬ್ಬರು ನನ್ನನ್ನೂ ಕೇಳಿದರು. "ನಮ್ಮನೇಲಿ ಎರಡು ಎತ್ತಿದ್ವು" ಅಂದೆ. ನಕ್ಕರು, ನಾನೂ ನಕ್ಕೆ. ಆದರೆ ಅದು ಜೋಕ್ ಆಗಿರಲಿಲ್ಲ.

ನನ್ನ ತಕರಾರು ಕಾರಿನ ಮೇಲಲ್ಲ. ಆ ಮಾತಿನ ಮೇಲೆ.

ಮೊದಲು ಕಾರಿನ ಪರವಾಗಿಯೇ ಮಾತಾಡ್ತೀನಿ, ಯಾಕಂದ್ರೆ ಅದಕ್ಕೆ ಆ ಅರ್ಹತೆ ಇದೆ. ಅವತ್ತು ವಾಪಸ್ ಬರುವಾಗ ಗೆಳೆಯ ಸ್ವಲ್ಪ ದೂರ ನನಗೆ ಓಡಿಸೋಕೆ ಕೊಟ್ಟ. ಪವರ್ ಸ್ಟೀರಿಂಗ್ ಇಲ್ಲ, ತಿರುಗಿಸಿದರೆ ರಸ್ತೆಯ ಭಾರ ಕೈಗೆ ಗೊತ್ತಾಗುತ್ತೆ. ಗೇರು ಬಿದ್ದದ್ದು ಕಿವಿಗೆ ಕೇಳುತ್ತೆ. ಬ್ರೇಕನ್ನು ಮುಂಚಿತವಾಗಿ ಯೋಚನೆ ಮಾಡಿ ಒತ್ತಬೇಕು. ಮುಂದೆ ಏನಿದೆ ಅಂತ ನೋಡುತ್ತಾ ಇರಲೇಬೇಕು, ಬೇರೆ ದಾರಿಯೇ ಇಲ್ಲ. ನನ್ನ ಈಗಿನ ಕಾರಿನಲ್ಲಿ ನಾನು ಅರ್ಧ ಡ್ರೈವರ್, ಅರ್ಧ ಪ್ರಯಾಣಿಕ. ಈ ಕಾರಿನಲ್ಲಿ ಪೂರ್ತಿ ಡ್ರೈವರ್.

ಇನ್ನೊಂದು ದೊಡ್ಡ ಗುಣ ಇದೆ. ಇದರ ಬಾನೆಟ್ ಎತ್ತಿದರೆ ಇಂಜಿನ್ ಕಾಣುತ್ತೆ. ಗಾಳಿ ಎಲ್ಲಿಂದ ಬರುತ್ತೆ, ಪೆಟ್ರೋಲ್ ಎಲ್ಲಿ ಬೆರೆಯುತ್ತೆ, ಕಿಡಿ ಎಲ್ಲಿ ಹೊತ್ತುತ್ತೆ ಅಂತ ಬೆರಳಿಟ್ಟು ತೋರಿಸಬಹುದು. ಇಂಜಿನ್ ಐಡ್ಲಿಂಗಿನಲ್ಲಿ ಜಾಸ್ತಿ ಓಡ್ತಾ ಇದ್ರೆ ಒಂದು ಸ್ಕ್ರೂ ತಿರುಗಿಸಿದರೆ ಸಾಕು. ಈಗಿನ ಕಾರಿನ ಬಾನೆಟ್ ಎತ್ತಿ ನೋಡಿ, ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತೆ. ಅದರ ಕೆಳಗಿರೋದನ್ನು ನಡೆಸುವುದು ಹತ್ತಾರು ಸಣ್ಣ ಕಂಪ್ಯೂಟರ್‌ಗಳು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಯಾಕೆ ಅಂತ ತಿಳಿಯೋಕೂ ಸ್ಕ್ಯಾನರ್ ಬೇಕು. ಆ ಕಂಪ್ಯೂಟರ್‌ಗಳಿಗೆ ಪ್ರೋಗ್ರಾಂ ಬರೆಯುವವರು ಯಾರು? ನಾವೇ. ಆ ಕೂಟದಲ್ಲೇ ಇಬ್ಬರು ಮೂವರು ಅದೇ ಕೆಲಸದಲ್ಲಿದ್ದರು. ವಾರದಲ್ಲಿ ಐದು ದಿನ ಜನರಿಗೆ ಬಿಚ್ಚೋಕಾಗದ ಕಾರು ಮಾಡಿ, ಭಾನುವಾರ ಬಿಚ್ಚೋಕಾಗುವ ಕಾರಿನ ಮುಂದೆ ಕಣ್ಣು ತುಂಬಿಕೊಂಡು ನಿಲ್ಲೋದು. ಐದು ವರ್ಷ ಹಳೆಯ ಕೋಡ್ ಕೈಗೆ ಬಂದರೆ ಮೂಗು ಮುರಿದು "ಇದನ್ನ ಪೂರ್ತಿ ಹೊಸದಾಗಿ ಬರೀಬೇಕು" ಅನ್ನುವ ನಾವು, ಐವತ್ತು ವರ್ಷ ಹಳೆಯ ಇಂಜಿನ್ನಿನ ಒಂದು ಬೋಲ್ಟನ್ನೂ ಬದಲಿಸಬಾರದು ಅಂತೀವಿ. ಇದಕ್ಕೆ ನಗಬಹುದು, ಆದರೆ ಒಳಗೆ ಒಂದು ನಿಜವಾದ ಹಸಿವಿದೆ. ನಾವು ದಿನವಿಡೀ ಮಾಡುವ ಕೆಲಸ ಕೈಗೆ ಸಿಗಲ್ಲ, ಕಣ್ಣಿಗೆ ಕಾಣಲ್ಲ. ಕೈಗೆ ಗ್ರೀಸ್ ಹತ್ತಿದರೆ ಏನೋ ಮಾಡಿದೆ ಅನ್ನೋ ಸಮಾಧಾನ. ಅಷ್ಟರ ಮಟ್ಟಿಗೆ ನಾನು ಹಳೇ ಕಾರಿನವರ ಕಡೆಯವನೇ.

ತಕರಾರು ಶುರುವಾಗೋದು ಕಾರಿನ ಗುಣವನ್ನು ಕಾಲದ ಗುಣ ಅಂತ ಹೇಳಿದಾಗ.

ಅಂಬಾಸಿಡರ್ ಎಷ್ಟು ಚೆಂದ ಇತ್ತು ಅಂದ್ರೆ 1950ರ ದಶಕದ ಕೊನೆಯಿಂದ 2014ರ ತನಕ ಅದರ ರೂಪವೇ ಬದಲಾಗಲಿಲ್ಲ ಅಂತ ಅವತ್ತು ಒಬ್ಬರು ಹೆಮ್ಮೆಯಿಂದ ಹೇಳಿದರು. ಹೌದು, ಬದಲಾಗಲಿಲ್ಲ. ಯಾಕೆ ಅಂತ ಕೇಳಬೇಕಲ್ಲ? ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಕಾರು. ಅಲ್ಲಿ ಆ ಮಾಡೆಲ್ ಕೆಲವೇ ವರ್ಷದಲ್ಲಿ ನಿಂತು ಹೋಯಿತು. ಇಲ್ಲಿ ಕೋಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ ಅದೇ ಕಾರು ಐವತ್ತು ವರ್ಷ ದಾಟಿ ಓಡಿತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಕಾಂಟೆಸ್ಸಾದ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್. ಅಲ್ಲಿ ಮುಗಿದದ್ದು ಇಲ್ಲಿ ಶುರು. ಯಾವ ಕಂಪನಿ ಕಾರು ಮಾಡಬೇಕು, ಎಷ್ಟು ಮಾಡಬೇಕು ಅನ್ನೋದನ್ನು ಲೈಸೆನ್ಸ್ ಕೊಟ್ಟು ಸರ್ಕಾರವೇ ತೀರ್ಮಾನ ಮಾಡುತ್ತಿದ್ದ ಕಾಲ ಅದು. ಕೊಳ್ಳುವವನಿಗೆ ಬೇರೆ ಕಾರು ಇರಲಿಲ್ಲ, ಮಾಡುವವನಿಗೆ ಬದಲಿಸುವ ದರ್ದು ಇರಲಿಲ್ಲ. ಕಾರು ತಯಾರಿಕೆಗೆ ಲೈಸೆನ್ಸ್ ಬೇಡ ಅಂತಾಗಿದ್ದು 1993ರಲ್ಲಿ. ಐವತ್ತು ವರ್ಷ ಒಂದೇ ರೂಪ ಅನ್ನೋದು ವಿನ್ಯಾಸದ ಗೆಲುವು ಅಲ್ಲ. ಬಾಗಿಲು ಮುಚ್ಚಿತ್ತು ಅನ್ನೋದಕ್ಕೆ ಸಾಕ್ಷಿ.

"ಆಗ ಜನ ಕಾಯ್ತಾ ಇದ್ರು, ಕಾಯೋದರಲ್ಲೇ ಒಂದು ಸುಖ ಇತ್ತು" ಅನ್ನುವವರೂ ಇದ್ದಾರೆ. ಮಾರುತಿಯ ಮೊದಲ ಕಾರಿನ ಕೀಲಿ ಕೊಟ್ಟಿದ್ದು 1983ರ ಡಿಸೆಂಬರ್ 14ರಂದು. ಅದಕ್ಕೆ ಮುಂಚೆಯೇ ಲಕ್ಷಕ್ಕೂ ಹೆಚ್ಚು ಜನ ತಲಾ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಕೂತಿದ್ದರು. ಆಗಿನ ಹತ್ತು ಸಾವಿರ ಅಂದ್ರೆ ಎಷ್ಟು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಆ ಕ್ಯೂನಲ್ಲಿ ನಿಂತಿದ್ದವರು ದೇಶದ ಅದೃಷ್ಟವಂತರು. ಮಿಕ್ಕವರಿಗೆ ಕ್ಯೂನಲ್ಲೂ ಜಾಗ ಇರಲಿಲ್ಲ. ಕಾಯುವ ಸುಖ ಅನ್ನೋದು ಕೊನೆಗೆ ಕಾರು ಸಿಕ್ಕವರ ಮಾತು.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಮಗೆ ಅನ್ನಿಸೋದಕ್ಕೆ ಇನ್ನೊಂದು ಸರಳ ಕಾರಣ ಇದೆ. ಚೆನ್ನಾಗಿಲ್ಲದ್ದು ಗುಜರಿಗೆ ಹೋಗಿದೆ. ನಮ್ಮ ಬೆಂಗಳೂರಿನಲ್ಲೇ ಸಿಪಾನಿಯವರು ಡಾಲ್ಫಿನ್ ಅಂತ ಒಂದು ಕಾರು ಮಾಡ್ತಾ ಇದ್ದರು. 1980ರ ದಶಕದ ಶುರುವಿನಲ್ಲಿ ಬಂದದ್ದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಮೈಯೆಲ್ಲ ಫೈಬರ್ ಗ್ಲಾಸು. ರ‍್ಯಾಲಿಗಳಲ್ಲಿ ಹೆಸರು ಮಾಡಿತು, ಮಾರುತಿ ಬಂದ ಮೇಲೆ ಮಾರ್ಕೆಟ್‌ನಲ್ಲಿ ನಿಲ್ಲಲಿಲ್ಲ. ಮದ್ರಾಸಿನಲ್ಲಿ 1985ರಲ್ಲಿ ಸ್ಟ್ಯಾಂಡರ್ಡ್ 2000 ಬಂತು. ಮೇಲುಮೈ ವಿದೇಶದ ರೋವರ್, ಒಳಗೆ ಹಳೇ ಇಂಜಿನ್. ಮೂರ್ನಾಲ್ಕು ವರ್ಷಕ್ಕೆ ಕಥೆ ಮುಗಿಯಿತು. ಅವತ್ತಿನ ಕೂಟದಲ್ಲಿ ಇವೆರಡೂ ಇರಲಿಲ್ಲ. ಉಳಿದುಕೊಂಡ ನಾಲ್ಕು ಕಾರು ನೋಡಿ ಒಂದು ದಶಕಕ್ಕೇ ಮಾರ್ಕ್ಸ್ ಕೊಡೋದು, ರ‍್ಯಾಂಕ್ ಬಂದ ನಾಲ್ಕು ಹುಡುಗರನ್ನು ನೋಡಿ ಇಡೀ ಕಾಲೇಜನ್ನು ಹೊಗಳಿದ ಹಾಗೆ.

ಇನ್ನು ಗಟ್ಟಿ ತಗಡಿನ ಮಾತು. "ಈಗಿನ ಕಾರು ಬಿಸ್ಕತ್ತಿನ ಡಬ್ಬಿ, ಆಗಿನದು ಯುದ್ಧದ ಟ್ಯಾಂಕು" ಅಂತ ಎಲ್ಲರೂ ಹೇಳ್ತಾರೆ. ಬಾಗಿಲು ಹಾಕಿದಾಗ ಬರುವ ಆ ದಪ್ಪ ಸದ್ದು ಕೇಳಿದರೆ ನನಗೂ ಹಾಗೇ ಅನಿಸುತ್ತೆ. ಆದರೆ ಡಿಕ್ಕಿಯಾದಾಗ ತಗಡು ಮಡಿಚಿಕೊಳ್ಳದೆ ಗಟ್ಟಿಯಾಗಿ ನಿಂತರೆ, ಆ ಹೊಡೆತ ಹೋಗೋದು ಎಲ್ಲಿಗೆ? ಒಳಗೆ ಕೂತವನ ಎದೆಗೆ, ಕುತ್ತಿಗೆಗೆ. ಈಗಿನ ಕಾರಿನ ಮೂಗು ಬೇಕಂತಲೇ ಮುದುರಿಕೊಳ್ಳುವ ಹಾಗೆ ಮಾಡಿರುತ್ತಾರೆ. ಕಾರು ಮುರಿಯಲಿ, ಮನುಷ್ಯ ಉಳಿಯಲಿ ಅಂತ. ಆಗಿನ ಕಾರು ಉಳೀತಿತ್ತು. ಹಳೇ ಅಪಘಾತಗಳ ಸುದ್ದಿಯಲ್ಲಿ ನಾವು ಕಾರಿನ ಗಟ್ಟಿತನ ನೆನಪಿಟ್ಟುಕೊಂಡು, ಒಳಗಿದ್ದವರನ್ನು ಮರೆತಿದ್ದೀವಿ.

1980ರ ದಶಕದ ಬಗ್ಗೆ ಕನ್ನಡಿಗರಿಗೆ ಇರುವ ಪ್ರೀತಿಗೆಲ್ಲ ಒಂದು ಮುಖ ಅಂತ ಇದ್ದರೆ ಅದು ಶಂಕರ್‌ನಾಗ್. ಇವತ್ತಿಗೂ ಬೆಂಗಳೂರಿನ ಆಟೋ ಹಿಂದೆ ಅವರ ಚಿತ್ರ ಇರುತ್ತೆ. ಕುಡಿದು ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರನ್ನು ಕೊಲ್ಲುವ ಶ್ರೀಮಂತರ ಹುಡುಗನ ಬಗ್ಗೆ 'ಆಕ್ಸಿಡೆಂಟ್' ಅಂತ ಸಿನಿಮಾ ಮಾಡಿದವರು ಅವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ರಸ್ತೆ ಅಪಘಾತದಲ್ಲೇ ಅವರು ತೀರಿಕೊಂಡರು. ಇನ್ನೂ ಮೂವತ್ತೈದು ವರ್ಷ. ಆ ರಾತ್ರಿ ಏನಿದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಹೇಳೋಕೆ ಹೋಗಲ್ಲ. ಆದರೆ ಆಗಿನ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಬಹುಪಾಲು ಕಾರುಗಳಲ್ಲಿ ಸೀಟ್ ಬೆಲ್ಟೇ ಇರಲಿಲ್ಲ, ಏರ್‌ಬ್ಯಾಗ್ ಅನ್ನೋ ಪದ ಯಾರಿಗೂ ಗೊತ್ತಿರಲಿಲ್ಲ. ಆ ಕಾಲವನ್ನು 'ಸಿಂಪಲ್' ಅಂತ ಕರೆಯೋ ಮುಂಚೆ ಇದನ್ನೂ ಲೆಕ್ಕಕ್ಕೆ ತಗೋಬೇಕು. ಅಷ್ಟೇ ಯಾಕೆ, ಹೊಸ ಕಾರುಗಳೂ ಸುಲಭಕ್ಕೆ ಸುಧಾರಿಸಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದಲ್ಲಿ ಮಾರಾಟದಲ್ಲಿದ್ದ ಐದು ಸಣ್ಣ ಕಾರುಗಳ ಬೇಸಿಕ್ ಮಾಡೆಲ್‌ಗಳನ್ನು ಗೋಡೆಗೆ ಗುದ್ದಿಸಿದಾಗ ಐದಕ್ಕೂ ಬಂದದ್ದು ಸೊನ್ನೆ ಸ್ಟಾರ್. ಡಿಕ್ಕಿ ಪರೀಕ್ಷೆ ಪಾಸಾದರೆ ಮಾತ್ರ ಹೊಸ ಮಾಡೆಲ್ ಮಾರಬಹುದು ಅನ್ನೋ ನಿಯಮ ನಮ್ಮಲ್ಲಿ ಬಂದದ್ದು 2017ರ ಅಕ್ಟೋಬರಿನಿಂದ. ಅಂದ್ರೆ ನೆನ್ನೆ ಮೊನ್ನೆ.

ಕೆಲವರಿಗೆ ಆಗಿನ ಪೆಟ್ರೋಲ್ ವಾಸನೆ ಕೂಡ ಇಷ್ಟ. "ಆ ಘಮ ಈಗೆಲ್ಲಿ?" ಅಂತಾರೆ. ಸ್ವಾಮಿ, ಆ ಪೆಟ್ರೋಲಿನಲ್ಲಿ ಸೀಸ ಇತ್ತು. 2000ದ ಇಸವಿಯ ಫೆಬ್ರವರಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಲ್ಲುವ ತನಕ ಅದರ ಹೊಗೆಯನ್ನು ನಾವೆಲ್ಲ ಉಸಿರಾಡಿದ್ದೀವಿ. ಕಾರಿದ್ದವರ ಮಕ್ಕಳೂ, ಕಾರಿಲ್ಲದವರ ಮಕ್ಕಳೂ. ಆ ಕಾಲದ ಕಾರಿನಿಂದ ಎಲ್ಲರಿಗೂ ಸಮನಾಗಿ ಸಿಕ್ಕಿದ್ದು ಅದೊಂದೇ.

ಈಗ ಪ್ರೀವೆಡ್ಡಿಂಗ್ ಶೂಟ್‌ಗೆ ಅಂಬಾಸಿಡರ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತೆ. ಹುಡುಗಿಗೆ ಪೋಲ್ಕಾ ಚುಕ್ಕಿಯ ಸೀರೆ, ಹುಡುಗನಿಗೆ ಬೆಲ್‌ಬಾಟಮ್, ಹಿಂದೆ ತೆಂಗಿನ ತೋಟ. ಫೋಟೋ ಚೆನ್ನಾಗೇ ಬರುತ್ತೆ. ಆದರೆ ಆ ಫೋಟೋದಲ್ಲಿ ಕಾರಿನೊಳಗೆ ಇಬ್ಬರೇ ಇರ್ತಾರೆ. ನಾನು ನೋಡಿದ ಅಂಬಾಸಿಡರ್‌ನಲ್ಲಿ ಯಾವತ್ತೂ ಇಬ್ಬರಿರಲಿಲ್ಲ. ಕಡಿಮೆ ಅಂದ್ರೆ ಹನ್ನೊಂದು ಜನ, ಜೊತೆಗೆ ಒಂದು ಹಲಸಿನ ಹಣ್ಣು.

ನಮ್ಮೂರು ಅರಸೀಕೆರೆ ಕಡೆ. ಸುತ್ತ ಏಳೆಂಟು ಹಳ್ಳಿಗೆ ಸೇರಿ ಇದ್ದದ್ದು ಒಂದೇ ಬಾಡಿಗೆ ಕಾರು, ಬಿಳೀ ಅಂಬಾಸಿಡರ್. ಓಡಿಸ್ತಾ ಇದ್ದವರನ್ನು ಎಲ್ಲರೂ ಟ್ಯಾಕ್ಸಿ ಸಾಬ್ರು ಅನ್ನೋರು. ಆ ಕಾರು ಊರಿಗೆ ಬರೋದು ಮೂರೇ ಕಾರಣಕ್ಕೆ: ಮದುವೆ, ಹೆರಿಗೆ, ಸಾವು. ಅದರ ಸದ್ದು ಕೇಳಿದರೆ ನಾವು ಹುಡುಗರು ಓಡಿ ಹೋಗಿ ಬಾಗಿಲ ಮೇಲಿನ ಧೂಳಿನಲ್ಲಿ ಬೆರಳಿಂದ ಹೆಸರು ಬರೀತಿದ್ವಿ. ಸಾಬ್ರು ಬೈಯ್ಯೋರು, ಆದರೆ ಒರೆಸ್ತಾ ಇರಲಿಲ್ಲ. ನಮ್ಮ ಹೆಸರು ಕಾರಿನ ಮೇಲೆ ಕೂತು ಪೇಟೆಗೆ ಹೋಗಿ ಬರೋದು. ನಾವು ಹೋಗ್ತಿರಲಿಲ್ಲ. ನನ್ನ ಹಳೇ ಕಾರಿನ ನೆನಪು ಹಿಂದಿನ ಸೀಟಿನದಲ್ಲ, ಹೊರಗಿನ ತಗಡಿನದು.

ನನಗೆ ಎಂಟು ವರ್ಷ ಆಗಿದ್ದಾಗ ಒಂದು ಸಂಜೆ ನಮ್ಮಜ್ಜಿಗೆ ಎದೆನೋವು ಬಂತು. ಕೊಟ್ಟಿಗೆ ಬಾಗಿಲಲ್ಲೇ ಕುಸಿದು ಕೂತರು. ಅಪ್ಪ ಸೈಕಲ್ ಹತ್ತಿ ಸಾಬ್ರ ಊರಿಗೆ ಹೋದರು. ಕಾರು ಇರಲಿಲ್ಲ, ಕಡೂರಿನ ಕಡೆ ಒಂದು ಮದುವೆಗೆ ಹೋಗಿತ್ತು. ಕೊನೆಗೆ ಪಕ್ಕದ ತೋಟದವರ ಟ್ರ್ಯಾಕ್ಟರ್ ಟ್ರೈಲರಿಗೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ, ಅಜ್ಜಿಯನ್ನು ಮಲಗಿಸಿಕೊಂಡು ಪೇಟೆ ಆಸ್ಪತ್ರೆಗೆ ಹೊರಟರು. ಹದಿನೆಂಟು ಕಿಲೋಮೀಟರು, ಅರ್ಧ ದಾರಿ ಮಣ್ಣಿನದು. ಆಸ್ಪತ್ರೆ ಮುಟ್ಟುವ ಮುಂಚೆಯೇ ಅಜ್ಜಿ ಹೋಗಿಬಿಟ್ಟಿದ್ದರು.

ಇದರಲ್ಲಿ ಸಾಬ್ರ ತಪ್ಪಿಲ್ಲ, ಮದುವೆಯವರ ತಪ್ಪಿಲ್ಲ, ಆ ಕಾರಿನದಂತೂ ಅಲ್ಲವೇ ಅಲ್ಲ. ಏಳೆಂಟು ಹಳ್ಳಿಗೆ ಒಂದು ಕಾರು ಅಂದ್ರೆ ಲೆಕ್ಕ ಹಾಗೇ ಇರುತ್ತೆ. ಒಬ್ಬರ ಮದುವೆ ದಿನ ಇನ್ನೊಬ್ಬರಿಗೆ ಎದೆನೋವು ಬರಬಾರದು, ಅಷ್ಟೇ. ಸಿಂಪಲ್.

ನನ್ನ ಊರಿನ ಮಟ್ಟಿಗೆ ಕಾಲ ಬದಲಿಸಿದ ಗಾಡಿ ಯಾವುದು ಅಂತ ಕೇಳಿದರೆ ನಾನು ಮಾರುತಿ 800 ಅನ್ನಲ್ಲ. 2005ರಲ್ಲಿ ಬಂದ ಟಾಟಾ ಏಸ್ ಅಂತೀನಿ. ಸಂತೆಗೆ ತೆಂಗಿನಕಾಯಿ, ವಾಪಸ್ ಬರುವಾಗ ಜನ, ರಾತ್ರಿ ಹೊತ್ತು ಕಾಯಿಲೆಯವರು, ಎಲ್ಲಾ ಅದರಲ್ಲೇ. ಆಮೇಲೆ 2008ರ ನವೆಂಬರಿನಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್. ಅದು ಕೆಲವು ಸಲ ತಡವಾಗಿ ಬರುತ್ತೆ, ನಿಜ. ಆದರೆ ಫೋನ್ ಮಾಡಿದರೆ ಬರುವ ಗಾಡಿ ಅಂತ ಒಂದಿದೆ ಅನ್ನೋದೇ ನಮ್ಮಪ್ಪನ ತಲೆಮಾರಿಗೆ ಪವಾಡ. ಈ ಎರಡರ ಸ್ಟಿಕರ್ ಅಂಟಿಸಿದ ಕಾಫಿ ಮಗ್ ಯಾರೂ ಮಾರಲ್ಲ. ಇನ್ನು ಸ್ವಲ್ಪ ವರ್ಷ ಹೋದರೆ ಬಿಡದಿಯಲ್ಲಿ ತಯಾರಾದ ಕ್ವಾಲಿಸ್‌ಗೂ ಒಂದು ಕೂಟ ಹುಟ್ಟುತ್ತೆ, ನೋಡ್ತಾ ಇರಿ. "ನಮ್ಮ ಐಟಿ ದಿನಗಳು" ಅಂತ ನಾವೇ ಕಣ್ಣೊರೆಸಿಕೊಳ್ತೀವಿ. ಅದನ್ನು ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸಿದ ಡ್ರೈವರ್‌ಗಳನ್ನು ಆ ಕೂಟಕ್ಕೆ ಕರೀತೀವಾ? ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿ ಬೈಕುಗಳ ಮೇಲೆ ಮೈಸೂರಿನವರ ಅಭಿಮಾನ ಮಾತ್ರ ಹಾಗೇ ಇದೆ. ಆ ಬೈಕಿನ ಸದ್ದಿನ ಬಗ್ಗೆ ನೂರು ಜನ ಮಾತಾಡೋದು ಕೇಳಿದ್ದೀನಿ, ಕೆಲಸ ಹೋದ ಕಾರ್ಮಿಕರ ಬಗ್ಗೆ ಮಾತಾಡಿದ್ದು ಒಬ್ಬಿಬ್ಬರು.

ಇಷ್ಟಕ್ಕೇ ಈ ಬರಹ ಮುಗಿಸಬೇಕು ಅಂತಿದ್ದೆ. ಹಳ್ಳಿಯವನ ಸಿಟ್ಟು, ಸಿಟಿಯವರ ಖಯಾಲಿ, ಅಲ್ಲಿಗೆ ಸರಿ ಹೋಗ್ತಿತ್ತು. ಆದರೆ ಕೂಟಕ್ಕೆ ಹೋಗಿ ಬಂದ ಎರಡು ವಾರಕ್ಕೆ ಅಪ್ಪ ಕಣ್ಣಿನ ಪೊರೆ ತೋರಿಸೋಕೆ ಬೆಂಗಳೂರಿಗೆ ಬಂದರು. ವಿಷಯ ಗೊತ್ತಾಗಿ ಗೆಳೆಯ ಭಾನುವಾರ ಕಾರು ತಗೊಂಡು ನಮ್ಮ ಅಪಾರ್ಟ್‌ಮೆಂಟಿಗೇ ಬಂದ. ನನಗೆ ಒಳಗೊಳಗೇ ಅಳುಕು. ಅಪ್ಪ ಏನಾದ್ರೂ ಅಂದುಬಿಟ್ಟರೆ?

ಅಪ್ಪ ಕಾರು ನೋಡಿದ್ದೇ ಮುಖ ಅರಳಿತು. ಮೆಟ್ಟಿಲು ಇಳಿಯೋಕೆ ಕೈ ಹಿಡಿಸಿಕೊಳ್ಳುವ ಮನುಷ್ಯ, ನೆಟ್ಟಗೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ದನದ ಮೈ ಸವರಿದ ಹಾಗೆ ಸವರಿದರು. "ಏನಪ್ಪಾ, ನಿಂದೇನಾ ಗಾಡಿ? ಬೋ ಚೆನ್ನಾಗಿ ಮಾಡಿಸಿದ್ದೀಯ ಕಣಪ್ಪಾ" ಅಂದರು. ಡಿಕ್ಕಿ ತೆಗೆಸಿ ನೋಡಿದರು. ಹಾರನ್ ಹೊಡೆದು ನೋಡಿದರು. ಸಾಬ್ರು ಬೆಳಿಗ್ಗೆ ಎದ್ದು ಹ್ಯಾಂಡ್ಲು ಹಾಕಿ ಸ್ಟಾರ್ಟ್ ಮಾಡ್ತಿದ್ದದ್ದು, ಚಳಿಗಾಲದಲ್ಲಿ ಊರ ಹುಡುಗರೆಲ್ಲ ಸೇರಿ ತಳ್ಳುತ್ತಿದ್ದದ್ದು, ಬಾಡಿಗೆ ದುಡ್ಡಿಲ್ಲದಾಗ ಒಂದು ಮೂಟೆ ರಾಗಿ ಕೊಟ್ಟದ್ದು, ಎಲ್ಲಾ ಹೇಳಿದರು. ಗೆಳೆಯ ಅವರ ಬಾಯನ್ನೇ ನೋಡ್ತಾ ನಿಂತಿದ್ದ.

ಆಮೇಲೆ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಅಂಗೈಯಿಟ್ಟು ಈ ತುದಿಯಿಂದ ಆ ತುದಿ ತನಕ ನೋಡಿದರು. "ಸೀಟು ಉದ್ದಾನೇ ಐತೆ, ಬದ್ಲಾಯಿಸಿಲ್ಲ. ಅಮ್ಮನ್ನ ಇದ್ರಾಗೇ ಮನಗಿಸ್ಕಂಡು ವಾಪಸ್ ಬಂದಿದ್ದು. ಸಾಬ್ರು ಮದ್ವೆ ಮುಗಿಸ್ಕಂಡು ಸೀದಾ ಆಸ್ಪತ್ರೆ ತಾವ್ಕೇ ಬಂದಿದ್ರು. ಮುಂದ್ಗಡೆ ಮದ್ವೆ ಹೂವು ಹಂಗೇ ಇತ್ತು. ನಾನು ಕಿತ್ತಾಕಕ್ಕೆ ಹೋದ್ರೆ, ಇರ್ಲಿ ಬುಡಿ ಗೌಡ್ರೇ, ಅಮ್ಮಾರಿಗೇ ಇರ್ಲಿ ಅಂದ್ರು. ಬಾಡ್ಗೇನೂ ಇಸ್ಕಳ್ಳಿಲ್ಲ" ಅಂದರು.

ಈ ಕಥೆ ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಟ್ರ್ಯಾಕ್ಟರ್ ಮಾತ್ರ ನೆನಪಿಟ್ಟುಕೊಂಡಿದ್ದೆ.

ಅವತ್ತಿನಿಂದ ಯೋಚನೆ ಮಾಡ್ತಾ ಇದ್ದೀನಿ. ಅಪ್ಪನಿಗೂ ಆ ಕಾರಿನ ಮೇಲೆ ಪ್ರೀತಿ ಇದೆ, ಕೂಟದವರಿಗಿಂತ ಒಂದು ಕೈ ಜಾಸ್ತಿಯೇ ಇದೆ. ಆದರೆ ಅವರು ಒಂದು ಸಲವೂ "ಆ ಕಾಲ ಚೆನ್ನಾಗಿತ್ತು" ಅನ್ನಲಿಲ್ಲ. ಅವರ ನೆನಪಿನಲ್ಲಿ ಕಾರಿದೆ, ಜೊತೆಗೆ ಕಾರು ಸಿಗದ ಸಂಜೆಯೂ ಇದೆ. ತಳ್ಳಿದ್ದೂ ಇದೆ, ರಾಗಿ ಮೂಟೆಯೂ ಇದೆ, ಬಾಡಿಗೆ ಬೇಡ ಅಂದ ಮನುಷ್ಯನೂ ಇದ್ದಾರೆ. ನಮ್ಮ ನೆನಪು ಬರೀ ಪಾಲಿಶ್ ಆದ ಬಂಪರ್. ಹಾಗಂತ ಹಳ್ಳಿಯವನ ನೆನಪು ನಿಜ, ಸಿಟಿಯವನದು ಸುಳ್ಳು ಅಂತಲೂ ಅಲ್ಲ. ಅಪ್ಪನ ಜೊತೆ ಊಟಿಗೆ ಹೋದ ಹುಡುಗನ ಖುಷಿಯೂ ನಿಜವೇ. ಸಿಟ್ಟಿನಲ್ಲಿ ನಾನು ಸಾಬ್ರನ್ನೇ ಕಳಕೊಂಡಿದ್ದೆ, ಹಾಗೆಯೇ ಖುಷಿಯಲ್ಲಿ ಅವರು ಕ್ಯೂ ಕಳಕೊಂಡಿದ್ದಾರೆ. ಎರಡೂ ಅರ್ಧ ಕಥೆ.

ಹಾಗಾಗಿ ಹಳೇ ಕಾರಿನವರಿಗೆ ನನ್ನದು ಸಣ್ಣ ಕೋರಿಕೆ. ಕಾರು ಖಂಡಿತ ಉಳಿಸಿ. 2021ರಿಂದ ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸೋಕೆ ಸರ್ಕಾರವೇ ದಾರಿ ಮಾಡಿದೆ. ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯ ಸಂದಿಗಳಲ್ಲಿ ಕಿವಿಯಲ್ಲೇ ಟ್ಯಾಪೆಟ್ ಸದ್ದು ಹಿಡಿಯುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಬಿಡಿಭಾಗಕ್ಕೆ ಲಕ್ಷ ಸುರಿದು ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅವರ ಕೈಕೆಳಗೆ ಒಬ್ಬ ಹುಡುಗ ಕೆಲಸ ಕಲಿಯುವ ಹಾಗೆ ಮಾಡಿ, ಕಾರಿಗಿಂತ ಮೊದಲು ಮುಗಿದುಹೋಗುವುದು ಆ ಕೈಗಳು. ಒಂದು ಭಾನುವಾರದ ಕೂಟಕ್ಕೆ ಆ ಮೇಸ್ತ್ರಿಗಳನ್ನೂ, ಹಳೇ ಟ್ಯಾಕ್ಸಿ ಡ್ರೈವರ್‌ಗಳನ್ನೂ ಕರೆಯಿರಿ. ಇಡ್ಲಿ ವಡೆ ಕೊಟ್ಟು ಕೂರಿಸಿ, ಅವರು ಮಾತಾಡಲಿ. ಆಮೇಲೂ "ಆ ಕಾಲವೇ ಬೇರೆ" ಅನಿಸಿದರೆ ಧಾರಾಳವಾಗಿ ಹೇಳಿ. ಆಗ ಆ ಮಾತಿಗೊಂದು ತೂಕ ಇರುತ್ತೆ.

ಅವತ್ತು ಗೆಳೆಯ ಅಪ್ಪನನ್ನು ಒಂದು ಸುತ್ತು ಕರಕೊಂಡು ಹೋಗ್ತೀನಿ ಅಂದ. ನಾನು ಹಿಂದಿನ ಬಾಗಿಲು ತೆಗೆದೆ. "ಹಿಂದ್ಕೆ ಬ್ಯಾಡ ಕಣ್ಲಾ" ಅಂದರು ಅಪ್ಪ. "ಮುಂದ್ಗಡೆ ಯಾವತ್ತೂ ಕೂತಿಲ್ಲ ನಾನು. ಮುಂದ್ಗಡೆ ಯಾವಾಗ್ಲೂ ದೊಡ್ಡೋರೇ ಕೂರೋರು." ಮುಂದೆ ಕೂತರು. ಗೆಳೆಯ ಆ ಕಾರಿಗೆ ಹೊಸದಾಗಿ ಸೀಟ್ ಬೆಲ್ಟ್ ಹಾಕಿಸಿದ್ದ. ಮೂಲದಲ್ಲಿ ಇರಲಿಲ್ಲ, ಹಾಕಿಸಿದ್ದಕ್ಕೆ ಕೂಟದಲ್ಲಿ ಇಬ್ಬರು ಆಕ್ಷೇಪ ಮಾಡಿದ್ದರಂತೆ. "ಬೆಲ್ಟ್ ಹಾಕ್ಕೊಳ್ಳಿ ಅಂಕಲ್" ಅಂದ. ಅಪ್ಪನಿಗೆ ಅದನ್ನು ಸಿಕ್ಕಿಸೋಕೆ ಬರಲಿಲ್ಲ, ಅವನೇ ಬಗ್ಗಿ ಸಿಕ್ಕಿಸಿದ. ಹೆಬ್ಬಾಳದ ತನಕ ಹೋಗಿ ಬಂದೆವು. ಫ್ಲೈಓವರ್ ಮೇಲೆ ಗಾಳಿ ಬೀಸ್ತಾ ಇತ್ತು, ಅಪ್ಪ ಕಿಟಕಿಗೆ ಮೊಣಕೈ ಊರಿ ಕೂತಿದ್ದರು. ಇಳಿಯುವಾಗ ಹೇಳಿದ್ದು ಇಷ್ಟೇ: "ಸಾಬ್ರು ಇದ್ದಿದ್ರೆ ತೋರಿಸ್ಬೇಕಿತ್ತು."